ಟೆಂಟೇ ಬೇಡ ಅನ್ನಬೇಡಿ, ಟೆಂಟಿಗೊಂದು ಜಾಗ ತೋರಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಓದುಗರ ಪತ್ರಗಳಲ್ಲಿ ಸಕಲೇಶಪುರ ಕಡೆಯ ಒಬ್ಬರು, ಕೆರೆ ದಂಡೆಯಲ್ಲಿ ಮತ್ತು ಕಾಡಂಚಿನಲ್ಲಿ ಟೆಂಟ್ ಹಾಕಿ ಮಲಗುವುದನ್ನೇ ಪೂರ್ತಿ ನಿಲ್ಲಿಸಬೇಕು ಎಂದು ಬರೆದಿದ್ದರು. ಅವರ ಸಿಟ್ಟು ನನಗೂ ಇದೆ. ಸೋಮವಾರ ಬೆಳಿಗ್ಗೆ ನಮ್ಮ ಕಡೆಯ ಯಾವ ಕೆರೆ ಏರಿ ಮೇಲೆ ನಡೆದರೂ ಬಾಟಲಿ ಚೂರು, ಪ್ಲಾಸ್ಟಿಕ್ ತಟ್ಟೆ, ಅರ್ಧ ಸುಟ್ಟ ಸೌದೆ ಕಾಣುತ್ತದೆ. ದನ ಕಾಯುವ ಹುಡುಗರ ಕಾಲಿಗೆ ಗಾಜು ಚುಚ್ಚುತ್ತದೆ. ಆದರೆ ಅವರು ಹೇಳಿದ ಪರಿಹಾರ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಚಿಕ್ಕಮಗಳೂರಿನವಳು, ನಿವೃತ್ತ ಶಿಕ್ಷಕಿ. ಪಾಠದ ಜೊತೆಗೆ ಶಾಲೆಯ ಗೈಡ್ಸ್ ಮಕ್ಕಳನ್ನೂ ಬಹಳ ವರ್ಷ ನೋಡಿಕೊಂಡೆ. ಮಕ್ಕಳನ್ನು ಕರೆದುಕೊಂಡು ಎಷ್ಟು ರಾತ್ರಿ ಟೆಂಟಿನಲ್ಲಿ ಮಲಗಿದ್ದೇನೆ ಅನ್ನುವ ಲೆಕ್ಕ ಇಟ್ಟಿಲ್ಲ. ಟೆಂಟಿನಲ್ಲಿ ಮಲಗುವುದು ಒಳ್ಳೆಯದು, ಅದರಲ್ಲೂ ಮಕ್ಕಳಿಗೆ ಬಹಳ ಒಳ್ಳೆಯದು ಎಂದು ಈಗಲೂ ನಂಬಿದ್ದೇನೆ.

ಹಾಗೆ ನಂಬಿದ್ದವಳು ಎರಡು ವರ್ಷದ ಹಿಂದೆ ಒಂದು ರಾತ್ರಿ ನಿಜವಾಗಿ ಹೆದರಿದೆ.

ಮಾರ್ಚ್ ಕೊನೆಯ ವಾರ. ಬೆಂಗಳೂರಿನಿಂದ ತಂಗಿಯ ಮಕ್ಕಳು ಬಂದಿದ್ದರು. 'ದೊಡ್ಡಮ್ಮ, ಟೆಂಟಲ್ಲಿ ಮಲಗೋಣ' ಅಂತ ಒಂದೇ ಹಟ. ಹಾಸನ ಜಿಲ್ಲೆಯಲ್ಲಿ ಹಿನ್ನೀರಿನ ಪಕ್ಕ ಖಾಸಗಿಯವರು ಟೆಂಟ್ ಹಾಕಿ ಕೊಡುವ ಒಂದು ಜಾಗಕ್ಕೆ ದುಡ್ಡು ಕಟ್ಟಿ ಹೋದೆವು. ಫೋಟೊದಲ್ಲಿ ತುಂಬಾ ಚೆನ್ನಾಗಿತ್ತು. ಹೋಗಿ ನೋಡಿದರೆ ಟೆಂಟುಗಳೆಲ್ಲ ನೀರು ಇಳಿದು ಬಿಟ್ಟ ಅಂಗಳದಲ್ಲೇ, ನೀರಿಗೆ ಹತ್ತು ಹೆಜ್ಜೆ ದೂರದಲ್ಲಿ, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮೇಲಿನ ದಿಣ್ಣೆಯಿಂದ ನೀರು ಹರಿದು ಬಂದ ಗೀರು ಮಣ್ಣಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಆ ಗೀರಿನ ಮೇಲೇ ಎರಡು ಟೆಂಟ್. ಅಲ್ಲಿದ್ದ ಹುಡುಗನಿಗೆ ತೋರಿಸಿದೆ. 'ಈಗ ಮಳೆ ಎಲ್ಲಿ ಮೇಡಂ' ಅಂದ. ಕಾಫಿ ತೋಟದವರು ದಿನಾ ಆಕಾಶ ನೋಡಿಕೊಂಡು ಹೂಮಳೆಗೆ ಕಾಯುವ ತಿಂಗಳು ಅದು, ಅಲ್ವಾ?

ರಾತ್ರಿ ಒಂದು ಗಂಟೆವರೆಗೆ ದೊಡ್ಡ ಸ್ಪೀಕರಿನಲ್ಲಿ ಹಾಡು. ಅದು ನಿಂತ ಮೇಲೆ ಗುಡುಗು ಶುರು. ಎರಡೂವರೆ ಹೊತ್ತಿಗೆ ಮಳೆ ಸುರಿಯಿತು. ಟೆಂಟಿಗೆ ಮೇಲುಹೊದಿಕೆ ಇರಲಿಲ್ಲ. ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಶೀಟು ಟೆಂಟಿಗಿಂತ ಅಗಲವಾಗಿ ಹೊರಗೆ ಚಾಚಿಕೊಂಡಿತ್ತು. ಮೇಲಿಂದ ಬಿದ್ದ ನೀರನ್ನೆಲ್ಲ ಅದು ತಟ್ಟೆಯ ಹಾಗೆ ಹಿಡಿದು ನಮ್ಮ ಕೆಳಗೇ ತಂದು ನಿಲ್ಲಿಸಿತು. ಮಕ್ಕಳ ಬೆನ್ನು ಒದ್ದೆಯಾಗಿ ಎದ್ದು ಕೂತರು. ಮರಳು ಮಣ್ಣಿನಲ್ಲಿ ಗೂಟಗಳನ್ನು ಅರ್ಧ ಮಾತ್ರ ಹೊಡೆದಿದ್ದರು, ಒಂದೊಂದೇ ಕಿತ್ತು ಬಂದವು, ಪಕ್ಕದ ಟೆಂಟು ಒಳಗಿದ್ದವರ ಮೇಲೇ ಮಗುಚಿತು. ಮಕ್ಕಳನ್ನು ಎತ್ತಿಕೊಂಡು ದಿಣ್ಣೆ ಹತ್ತಿ ಕಾರಿನಲ್ಲಿ ಕೂತು ಬೆಳಗು ಮಾಡಿದೆವು.

ನನ್ನನ್ನು ಹೆದರಿಸಿದ್ದು ಈ ಮಳೆಯಲ್ಲ. ಬೆಳಿಗ್ಗೆ ಹಾಲಿಗೆ ಅಂತ ಊರ ಕಡೆ ನಡೆದಾಗ, ನಮ್ಮ ಟೆಂಟಿನಿಂದ ಇನ್ನೂರು ಹೆಜ್ಜೆ ಕೂಡ ಇಲ್ಲದ ಕಡೆ ಆನೆ ಲದ್ದಿ ಬಿದ್ದಿತ್ತು. ಮಳೆಗೆ ನೆನೆದಿರಲಿಲ್ಲ. ಅಂದರೆ ಮಳೆ ನಿಂತ ಮೇಲೆ, ನಾವು ಕಾರಿನಲ್ಲಿ ಕೂತಿದ್ದಾಗ ಅದು ಅಲ್ಲಿ ಹಾದು ಹೋಗಿತ್ತು. ಹಾಲು ಕೊಟ್ಟ ಅಮ್ಮ ತುಂಬಾ ಸಹಜವಾಗಿ, 'ದಿನಾ ರಾತ್ರಿ ನೀರಿಗೆ ಇಳಿಯುತ್ತವೆ ಕಣವ್ವಾ, ಅದೇ ಅವುಗಳ ದಾರಿ' ಅಂದರು. ಊರಿಗೆಲ್ಲ ಗೊತ್ತು. ನಮ್ಮಿಂದ ದುಡ್ಡು ಇಸಿದುಕೊಂಡವರು ಮಾತ್ರ ಒಂದು ಮಾತು ಹೇಳಿರಲಿಲ್ಲ.

2021ರ ಜನವರಿಯಲ್ಲಿ ಕೇರಳದ ವಯನಾಡಿನ ಮೇಪ್ಪಾಡಿ ಹತ್ತಿರ ರೆಸಾರ್ಟ್ ಒಂದರ ಟೆಂಟಿನಲ್ಲಿ ತಂಗಿದ್ದ ಹೆಣ್ಣುಮಗಳೊಬ್ಬಳು ಆನೆ ದಾಳಿಗೆ ಸಿಕ್ಕಿ ಸತ್ತಳು. ನಮ್ಮಲ್ಲಿ ಆಗುವವರೆಗೆ ಕಾಯಬೇಕಾ? ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕಿನ ಜನ ಕಾಡಾನೆಗಳ ನಡುವೆ ಹೇಗೆ ಬದುಕುತ್ತಿದ್ದಾರೆ ಎಂದು ನಿಮ್ಮ ಪತ್ರಿಕೆಯಲ್ಲೇ ಆಗಾಗ ಓದುತ್ತೇವೆ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನನಂಥ ಆನೆಯೇ 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕೆಲಸದಲ್ಲಿ ಪ್ರಾಣ ಬಿಟ್ಟಿತು. ಅಂಥ ಜಾಗದಲ್ಲಿ ತೆಳ್ಳನೆ ನೈಲಾನ್ ಬಟ್ಟೆಯೊಳಗೆ ಪಟ್ಟಣದ ಮಕ್ಕಳನ್ನು ಮಲಗಿಸುವವರಿಗೆ ಏನು ಹೇಳೋಣ?

ಆದ್ದರಿಂದ ಆನೆ ಓಡಾಡುವ ಕಡೆ ಟೆಂಟ್ ಬೇಡವೇ ಬೇಡ. ಅಲ್ಲಿ ಪತ್ರ ಬರೆದವರ ಜೊತೆ ನಾನಿದ್ದೇನೆ. ವನ್ಯಧಾಮದ ಒಳಗಂತೂ ಮಾತೇ ಇಲ್ಲ, ಅಲ್ಲಿ ಕಾಡಿಗೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಆದರೆ ಎಲ್ಲ ಕಡೆಯೂ ಬೇಡ ಅಂದುಬಿಟ್ಟರೆ ಏನಾಗುತ್ತದೆ ನೋಡಿ. ಬರುವವರು ಬರುವುದು ನಿಲ್ಲಿಸುವುದಿಲ್ಲ. ಟೆಂಟ್ ಈಗ ಎಲ್ಲರ ಕೈಗೆ ಸಿಗುವ ಸಾಮಾನು. ಬೈಕಿಗೆ ಕಟ್ಟಿಕೊಂಡು ಬರುತ್ತಾರೆ, ಕತ್ತಲಾಗುವ ಹೊತ್ತಿಗೆ ಯಾರೂ ನೋಡದ ಮೂಲೆ ಹುಡುಕುತ್ತಾರೆ. ಯಾರೂ ನೋಡದ ಮೂಲೆ ಅಂದರೆ ಅದೇ ಆನೆ ದಾರಿ, ಅದೇ ಹುಲ್ಲುಗಾವಲು, ಅದೇ ಕುಡಿಯುವ ನೀರಿನ ಕೆರೆ. ಹಿರೇಕೊಳಲೆ ಕೆರೆ ನಮ್ಮ ಊರಿಗೆ ಕುಡಿಯುವ ನೀರು ಕೊಡುವ ಕೆರೆ ಎಂದು ಅಲ್ಲಿ ಸೋಪು ಹಚ್ಚಿ ಪಾತ್ರೆ ತೊಳೆಯುತ್ತಿದ್ದ ಹುಡುಗರಿಗೆ ನಾನು ಹೇಳಿದಾಗ ಅವರಿಗೆ ನಿಜವಾಗಿ ಬೇಜಾರಾಯಿತು. ಪಾಪ, ಗೊತ್ತಿರಲಿಲ್ಲ. ಹೇಳುವ ಒಂದು ಬೋರ್ಡು, ಹೋಗಿ ಅಲ್ಲಿ ಹಾಕಿಕೊಳ್ಳಿ ಅನ್ನಲು ಇನ್ನೊಂದು ಜಾಗ, ಎರಡೂ ನಮ್ಮಲ್ಲಿ ಇಲ್ಲ.

ಟೆಂಟ್ ಹಾಕುವುದು ಕಲಿತು ಮಾಡುವ ಕೆಲಸ. ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲಿ ಕೆರೆ ಪಕ್ಕ ಸ್ಕೌಟ್ಸ್ ಶಿಬಿರದ ಜಾಗ ಇದೆ, ನಮ್ಮ ಕಾಲದ ಎಷ್ಟೋ ಮಕ್ಕಳು ಅಲ್ಲಿಗೆ ಹೋಗಿ ಬಂದವರು. ನಾನೂ ಮಕ್ಕಳ ಜೊತೆ ಹೋಗಿದ್ದೆ. ಆಗೆಲ್ಲ ದಪ್ಪ ಕ್ಯಾನ್ವಾಸ್ ಟೆಂಟು, ಒದ್ದೆಯಾದರೆ ಇಬ್ಬರು ಹೊರಬೇಕು. ಮಳೆಯಲ್ಲಿ ಒಳಗಿನಿಂದ ಬಟ್ಟೆಗೆ ಬೆರಳು ತಾಗಿಸಿದರೆ ಸಾಕು, ಅಲ್ಲಿಂದಲೇ ಹನಿ ಶುರು. ಮಕ್ಕಳಿಗೆ ಮೊದಲು ಕಲಿಸುತ್ತಿದ್ದದ್ದು ಜಾಗ ನೋಡುವುದನ್ನು. ಟೆಂಟ್ ಬಿಚ್ಚುವ ಮೊದಲು ಸುಮ್ನೆ ಒಂದು ಸುತ್ತು ನಡೆಯಿರಿ ಅನ್ನುತ್ತಿದ್ದೆ. ತಲೆ ಎತ್ತಿ ನೋಡಿ, ಮೇಲೆ ಒಣಗಿದ ಕೊಂಬೆ ಇದೆಯಾ? ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್ ಕೆಳಗೆ ಯಾರೂ ಮಲಗಬಾರದು, ಗಾಳಿಗೆ ಲಟಕ್ಕನೆ ಮುರಿಯುವ ಮರ ಅದು. ಆಮೇಲೆ ನೆಲ ನೋಡಿ. ತಗ್ಗು ಬೇಡ. ಹುತ್ತ, ಇರುವೆ ಸಾಲು ಬೇಡ. ನೀರಿನಿಂದ ಕಡಿಮೆ ಅಂದರೂ ಇನ್ನೂರು ಅಡಿ ದೂರ ಇರಲಿ, ಯಾಕೆಂದರೆ ರಾತ್ರಿ ನೀರಿಗೆ ಬರುವುದು ನಾವೊಬ್ಬರೇ ಅಲ್ಲ. ಸ್ವಲ್ಪ ಇಳಿಜಾರಿದ್ದರೆ ಎತ್ತರದ ಕಡೆ ತಲೆ ಹಾಕಿ. ಗೂಟವನ್ನು ಟೆಂಟಿನಿಂದ ಹೊರಕ್ಕೆ ಓರೆಯಾಗಿ, ತಲೆವರೆಗೆ ಹೊಡೆಯಿರಿ. ಮರಳಾಗಿದ್ದರೆ ಗೂಟದ ಬದಲು ಒಂದು ಕಲ್ಲಿಗೆ ಹಗ್ಗ ಕಟ್ಟಿ ಹೂಳಿ.

ಆಗ ಟೆಂಟಿನ ಸುತ್ತ ಕಾಲುವೆ ತೋಡಿಸುತ್ತಿದ್ದೆವು. ಈಗ ಅದು ಬೇಡ ಅನ್ನುತ್ತಾರೆ, ಸರಿ ಕೂಡ. ಹುಲ್ಲು ಕಿತ್ತ ಮಣ್ಣು ಮಲೆನಾಡಿನ ಒಂದೇ ಮಳೆಗೆ ಕೊಚ್ಚಿ ಹೋಗುತ್ತದೆ. ಈಗಿನ ಟೆಂಟಿಗೆ ಒಳ್ಳೆಯ ಮೇಲುಹೊದಿಕೆ ಬರುತ್ತದೆ, ಅದನ್ನು ಬಿಗಿಯಾಗಿ ಎಳೆದು ಕಟ್ಟಿ, ಕೆಳಗಿನ ಶೀಟನ್ನು ಟೆಂಟಿನ ಅಂಚಿಗಿಂತ ಒಳಕ್ಕೆ ಮಡಚಿದರೆ ಅರ್ಧ ಕೆಲಸ ಆಯಿತು. ಕೊಳ್ಳುವಾಗ ಹೊದಿಕೆ ಬಟ್ಟೆ ಎಷ್ಟು ಮಿಲಿಮೀಟರ್ ನೀರು ತಡೆಯುತ್ತದೆ ಅಂತ ಚೀಟಿ ಮೇಲೆ ನೋಡಿ, 3,000 ಇದ್ದರೆ ನಮ್ಮ ಮಳೆಗೆ ಪರವಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಯಾವ ಟೆಂಟನ್ನೂ ನಂಬಬೇಡಿ, ಮನೆಯಲ್ಲಿ ಮಲಗಿ. ಬೆಳಿಗ್ಗೆ ಒಳಗಿನ ಗೋಡೆ ಒದ್ದೆಯಾಗಿದ್ದರೆ ಸೋರಿದೆ ಅಂದುಕೊಳ್ಳಬೇಡಿ, ನಮ್ಮದೇ ಉಸಿರಿನ ಹಬೆ ಅದು. ಕಿಟಕಿಯ ಬಟ್ಟೆ ಸರಿಸಿ, ಬಲೆಯಿಂದ ಗಾಳಿ ಆಡಲು ಬಿಡಬೇಕು.

ಗಾಳಿಯ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಜನವರಿ ಚಳಿಯಲ್ಲಿ ಮುಳ್ಳಯ್ಯನಗಿರಿ ಕಡೆಯ ಒಂದು ಜಾಗದಲ್ಲಿ, ಬಾಂಡ್ಲಿಯಲ್ಲಿ ಕೆಂಡ ತುಂಬಿ ಟೆಂಟಿನ ಒಳಗೆ ಇಟ್ಟು ಜಿಪ್ ಎಳೆದುಕೊಂಡು ಮಲಗಲು ಹೊರಟವರನ್ನು ನಾನೇ ಕಂಡಿದ್ದೇನೆ. ಕೂಗಿ ಹೊರಗೆ ಇಡಿಸಿದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ. ನಿದ್ದೆ ಬಂದಂತೆ ಆಗುತ್ತದೆ, ಮತ್ತೆ ಏಳುವುದಿಲ್ಲ. ಚಳಿಗೆ ಕೆಂಡ ಬೇಕಿಲ್ಲ. ನೆಲದ ತಂಡಿ ಹತ್ತದ ಹಾಗೆ ದಪ್ಪ ಚಾಪೆ, ಮೇಲೆ ಎರಡು ಕಂಬಳಿ, ಕಾಲಿಗೆ ಉಲ್ಲನ್ ಸಾಕ್ಸ್ ಸಾಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಒಂದು ಜುಲೈ ತಿಂಗಳಲ್ಲಿ ರಾಜ್ಯದ ಅರಣ್ಯದ ಕ್ಯಾಂಪ್‌ಗ್ರೌಂಡಿಗೆ ಕರೆದುಕೊಂಡು ಹೋದಳು. 'ಅಮ್ಮಾ, ಇದು ರಸ್ಟಿಕ್ ಕ್ಯಾಂಪ್‌ಗ್ರೌಂಡು, ಕರೆಂಟು, ಸ್ನಾನದ ಮನೆ ಏನೂ ಇಲ್ಲ, ನಿಂಗೆ ಆಗತ್ತಾ' ಅಂತ ನನ್ನನ್ನೇ ಕೇಳಿದಳು! ಕಾಡಿನ ನಡುವೆ ಸಣ್ಣ ಕೆರೆ. ಪೈನ್ ಮರಗಳ ಮಧ್ಯೆ ಮಣ್ಣಿನ ದಾರಿ, ದಾರಿ ಪಕ್ಕ ನಂಬರ್ ಬರೆದ ಮರದ ಕಂಬಗಳು. ಒಂದು ನಂಬರಿಗೆ ಒಂದು ಕುಟುಂಬ. ಟೆಂಟಿಗೆ ಸಮತಟ್ಟಾದ ಜಾಗ, ಒಂದು ಮರದ ಮೇಜು, ಬೆಂಕಿ ಹಾಕಲು ನೆಲಕ್ಕೆ ಹೂಳಿದ ಕಬ್ಬಿಣದ ಬಳೆ. ಅಷ್ಟೇ. ಒಂದು ಕೈಪಂಪು, ಒಂದು ಶೌಚಾಲಯ. ಪಕ್ಕದವರ ಟೆಂಟು ಮರಗಳ ಮರೆಯಲ್ಲಿ, ಅವರು ಕೆಮ್ಮಿದರೂ ನಮಗೆ ಕೇಳದಷ್ಟು ದೂರ.

ಕಾವಲಿಗೆ ಯಾರೂ ಇರಲಿಲ್ಲ. ಬಾಗಿಲ ಹತ್ತಿರ ಬೋರ್ಡು, ಅದರ ಪಕ್ಕ ಒಂದು ಕಬ್ಬಿಣದ ಪೈಪು. ಅಲ್ಲಿಟ್ಟ ಕವರಿನ ಮೇಲೆ ಹೆಸರು, ಕಾರಿನ ನಂಬರು ಬರೆದು, ದುಡ್ಡು ಒಳಗೆ ಹಾಕಿ ಪೈಪಿಗೆ ಬಿಡಬೇಕು. ಬಿಟ್ಟೆವು. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಗಲಾಟೆ ಮಾಡುವ ಹಾಗಿಲ್ಲ ಎಂದು ಬರೆದಿತ್ತು, ನಿಜವಾಗಿಯೂ ಹತ್ತಕ್ಕೆ ಎಲ್ಲ ಮಾತು ನಿಂತಿತು. ಸೊಳ್ಳೆ ಮಾತ್ರ ನಮ್ಮ ಮಲೆನಾಡಿಗಿಂತ ಜಾಸ್ತಿ. ನಡುರಾತ್ರಿ ಕೆರೆ ಮೇಲಿಂದ ಲೂನ್ ಅನ್ನುವ ನೀರುಹಕ್ಕಿ ಕೂಗಿತು, ಅಳು ಅಂದರೆ ಅಳು, ಹಾಡು ಅಂದರೆ ಹಾಡು. ಮಗಳು ಮಲಗಿಬಿಟ್ಟಿದ್ದಳು, ನಾನು ಎದ್ದು ಕೂತು ಕೇಳುತ್ತಿದ್ದೆ. ಬೆಳಿಗ್ಗೆ ಸಣ್ಣ ಗ್ಯಾಸ್ ಒಲೆ ಮೇಲೆ ಉಪ್ಪಿಟ್ಟು ಮಾಡಿ, ಕೈಪಂಪಿನಲ್ಲಿ ನೀರು ಹೊಡೆಯುವಾಗ ಅದು ಕಿರ್ ಅಂದ ಸದ್ದಿಗೆ ನನಗೆ ನಮ್ಮೂರ ಬೀದಿಯೇ ನೆನಪಾಯಿತು.

ಆಗಲೇ ಅನ್ನಿಸಿದ್ದು ಇದು. ಇದರಲ್ಲಿ ನಮಗೆ ಮಾಡಲು ಆಗದೆ ಇರುವುದು ಯಾವುದಿದೆ? ಕೈಪಂಪು ನಮಗೆ ಗೊತ್ತು. ನಂಬರ್ ಕಂಬ ನೆಡಲು ಕೋಟಿ ಬೇಡ. ಈಜುಕೊಳ, ಲೈಟಿನ ಸರ, ಮಂಚ ಹಾಕಿದ ದುಬಾರಿ ಟೆಂಟು, ಇವೆಲ್ಲ ಇರುವ ಕಡೆ ನಮ್ಮಂಥವರ ಮನೆ ಮಕ್ಕಳು ಹೋಗಲಾರರು. ಕುದುರೆಮುಖದ ಭಗವತಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದೆ, ಒಳ್ಳೆಯ ಜಾಗ, ಆದರೆ ಅಲ್ಲಿ ಉಳಿಯಲು ಅವರು ಮಾಡಿಕೊಟ್ಟ ವ್ಯವಸ್ಥೆಯೇ ಆಗಬೇಕು. ನಮ್ಮ ಟೆಂಟನ್ನು ನಾವೇ ಹೊತ್ತು ಹೋಗಿ, ಕಡಿಮೆ ದುಡ್ಡು ಕೊಟ್ಟು, ಕಾನೂನು ಪ್ರಕಾರ ಹಾಕಿಕೊಳ್ಳುವ ಸಾರ್ವಜನಿಕ ಜಾಗ ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಎಲ್ಲಿ ಮಾಡಬಹುದು ಎಂದು ಕೇಳುತ್ತೀರಿ. ಮುಳ್ಳಯ್ಯನಗಿರಿ ಶ್ರೇಣಿ ಬೇಡ. ಅಲ್ಲಿನ ಹುಲ್ಲುಗಾವಲು, ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು ಈಗಿರುವ ಭಾರವನ್ನೇ ತಡೆಯುತ್ತಿಲ್ಲ. 2022ರಲ್ಲಿ ಕುರಿಂಜಿ ಹೂ ಅರಳಿದಾಗ ಜನ ಅದನ್ನು ತುಳಿದು, ಕಿತ್ತು ಮನೆಗೆ ಒಯ್ದದ್ದು ನೋಡಿದ್ದೇವೆ. ಕಡೂರು ಕಡೆಯ ಬಯಲು ಸೀಮೆಯಲ್ಲಿ ದೊಡ್ಡ ದೊಡ್ಡ ಕೆರೆಗಳಿವೆ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಹೋದವರಿಗೆ ಗೊತ್ತು, ಸಂಜೆ ಶಕುನಗಿರಿಯ ನೆರಳು ನೀರಿನ ಮೇಲೆ ಬೀಳುವಾಗ ಅಲ್ಲಿಂದ ಎದ್ದು ಬರಲು ಮನಸ್ಸಾಗುವುದಿಲ್ಲ. ಏರಿ ಮೇಲೆ, ಕೋಡಿ ಹತ್ತಿರ ಬೇಡ. ನೀರಿನಿಂದ ದೂರ, ಊರಿಗೆ ಕೂಗಳತೆಯಲ್ಲಿ, ಹೊಂಗೆ ಬೇವಿನ ನೆರಳಿನಲ್ಲಿ ಹತ್ತು ಹದಿನೈದು ಟೆಂಟಿಗೆ ಜಾಗ ಗುರುತಿಸಿದರೆ ಸಾಕು. ಮೊದಲು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಹುಡುಗರನ್ನು, ಊರಿನ ದನಗಾಹಿಗಳನ್ನು ಕೂರಿಸಿ ಕೇಳಬೇಕು. ಆನೆ, ಕರಡಿ, ಚಿರತೆ ಎಲ್ಲಿ ಓಡಾಡುತ್ತವೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವರು ಬೇಡ ಅಂದ ಜಾಗ ಬೇಡ.

ಶೌಚಾಲಯದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಸಾಮಾನ್ಯ ಗುಂಡಿ ಶೌಚಾಲಯ ಕೆರೆ ಹತ್ತಿರ ಆಗುವುದಿಲ್ಲ, ಗುಂಡಿಯ ನೀರು ಇಂಗಿ ಕೆರೆಗೇ ಬರುತ್ತದೆ. ಮಿಷಿಗನ್‌ನಲ್ಲಿ ಇದ್ದದ್ದು ನೆಲದೊಳಗೆ ಪೂರ್ತಿ ಮುಚ್ಚಿದ ತೊಟ್ಟಿ, ತುಂಬಿದಾಗ ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ. ನಮ್ಮಲ್ಲೂ ಸಕ್ಕಿಂಗ್ ಗಾಡಿ ಇದೆಯಲ್ಲ.

ಬೆಂಕಿಯದ್ದು ಇನ್ನೂ ಗಂಭೀರ ವಿಷಯ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಾಡು, ಹುಲ್ಲು ಎಲ್ಲ ಒಣಗಿ ನಿಂತಿರುತ್ತದೆ. ಆ ತಿಂಗಳುಗಳಲ್ಲಿ ಕ್ಯಾಂಪ್ ಫೈರ್ ಅನ್ನುವುದೇ ಇರಬಾರದು, ಗ್ಯಾಸ್ ಒಲೆ ಸಾಕು. ಉಳಿದ ತಿಂಗಳಲ್ಲಿ ಕಬ್ಬಿಣದ ಬಳೆಯೊಳಗೆ ಮಾತ್ರ. ಮಲಗುವ ಮೊದಲು ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಗೆ ಅಂಗೈ ಹಿಡಿದು ತಣ್ಣಗಾಗಿದೆ ಅಂತ ನೋಡಬೇಕು. ಸೌದೆಯನ್ನು ಅಲ್ಲೇ ಊರಿನವರಿಂದ ಕೊಳ್ಳಬೇಕು. ಮಿಷಿಗನ್‌ನಲ್ಲಿ ಹೊರಗಿನ ಸೌದೆ ತರಬೇಡಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆ್ಯಶ್ ಮರದ ತೊಗಟೆಯೊಳಗೆ ಸೇರಿ ಕೊಲ್ಲುವ ಒಂದು ಹಸಿರು ದುಂಬಿ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಕಂಡುಬಂತು, ಅದು ದೂರ ದೂರ ಹರಡಿದ್ದು ಹೀಗೆ ಜನ ಒಯ್ದ ಸೌದೆಯಿಂದಲೂ ಹೌದು. ಕೋಟಿಗಟ್ಟಲೆ ಮರ ಹೋದವು. ಅರೇಬಿಕಾ ಕಾಫಿ ಗಿಡದಲ್ಲಿ ಬಿಳಿ ಕಾಂಡಕೊರಕ ಹುಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಲೆನಾಡಿನ ಕಾಡಂಚಿನಲ್ಲಿ ಜಾಗ ಮಾಡುವುದಾದರೆ ಉಣುಗಿನ, ಅಂದರೆ ಉಣ್ಣೆ ಹುಳುವಿನ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಇಂಬಳ ಕಚ್ಚಿದರೆ ಒಂದಿಷ್ಟು ರಕ್ತ ಹೋಗುತ್ತದೆ, ಅಷ್ಟೇ. ಉಣುಗು ಹಾಗಲ್ಲ, ಮಂಗನ ಕಾಯಿಲೆ ಹರಡುವುದೇ ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಈಗ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಕಾಣಿಸಿಕೊಳ್ಳುತ್ತಿದೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಪ್ರವಾಸಿಗರು ಬರುವುದೂ ಆಗಲೇ. ಕಾಯಿಲೆ ಕಂಡ ಊರಿನ ಸುತ್ತ ಆ ವರ್ಷ ಟೆಂಟ್ ಬಂದ್ ಮಾಡಬೇಕು. ಬೇರೆ ಕಡೆಯೂ ಒಣಗಿದ ಎಲೆ ರಾಶಿ ಮೇಲೆ ಕೂರಬಾರದು, ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಪಂಚಾಯಿತಿ ಮತ್ತು ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಅನ್ನುತ್ತೇನೆ. ಟೆಂಟಿಗೆ ಇಷ್ಟು ಅಂತ ಶುಲ್ಕ, ಸೌದೆ ಮಾರಾಟ, ಬೇಕಾದವರಿಗೆ ಅಕ್ಕಿ ರೊಟ್ಟಿ ಎಣಗಾಯಿ. ಒಳಗೆ ಹೋಗುವಾಗ ಠೇವಣಿ ಇಸಿದುಕೊಂಡು, ಹೊರಡುವಾಗ ತಮ್ಮ ಕಸವನ್ನು ಚೀಲದಲ್ಲಿ ತಂದು ತೋರಿಸಿದರೆ ವಾಪಸ್ ಕೊಡಬೇಕು. ಸ್ಪೀಕರ್ ತಂದವರನ್ನು ಒಳಗೆ ಬಿಡಬಾರದು, ಕುಡಿದು ಬಂದವರನ್ನೂ. ಇದೆಲ್ಲ ನಮ್ಮ ಜನಕ್ಕೆ ಆಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಇಷ್ಟು. 2024ರಲ್ಲಿ ಟ್ರೆಕ್ಕಿಂಗ್ ದಾರಿಗಳಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಾಗಲೂ ಹೀಗೇ ಅಂದರು. ಜನ ಬುಕ್ ಮಾಡಿಕೊಂಡೇ ಹೋಗುತ್ತಿದ್ದಾರೆ. ನಿಯಮ ಏನು ಎಂದು ಮೊದಲೇ ಗೊತ್ತಿದ್ದರೆ ಹೆಚ್ಚಿನವರು ಕೇಳುತ್ತಾರೆ. ನನ್ನ ಶಾಲೆಯ ಮಕ್ಕಳು ಕೇಳುತ್ತಿದ್ದರು.

ಆ ಮಕ್ಕಳಲ್ಲಿ ಒಬ್ಬಳು ಈಗ ತಾನೇ ಟೀಚರ್. ಮೊನ್ನೆ ಸಿಕ್ಕಾಗ, 'ಮೇಡಂ, ನನ್ನ ಕ್ಲಾಸಿನ ಮಕ್ಕಳನ್ನು ಒಂದು ರಾತ್ರಿ ಟೆಂಟಿನಲ್ಲಿ ಮಲಗಿಸಬೇಕು ಅಂತ ಆಸೆ, ಎಲ್ಲಿಗೆ ಕರೆದುಕೊಂಡು ಹೋಗಲಿ' ಅಂತ ಕೇಳಿದಳು. ಶಾಲೆ ಮೈದಾನ ಬಿಟ್ಟರೆ ಧೈರ್ಯವಾಗಿ ಹೇಳುವಂಥ ಒಂದು ಜಾಗದ ಹೆಸರೂ ನನಗೆ ಹೊಳೆಯಲಿಲ್ಲ. ಎರಡು ಜಿಲ್ಲೆಯ ಇಷ್ಟು ಕೆರೆ, ಇಷ್ಟು ಮರದ ನೆರಳು ಇಟ್ಟುಕೊಂಡು ಈ ಮಾತು ಬರೆಯಲು ನನಗೆ ನೋವಾಗುತ್ತದೆ.

ನಮ್ಮ ಕಡೆಯ ಯಾವ ಗ್ರಾಮ ಪಂಚಾಯಿತಿಯವರಾದರೂ ಒಂದು ಕೆರೆ ಪಕ್ಕದ ತೋಪು ತೋರಿಸಿ, ಮಾಡೋಣ ಅಂದರೆ ನಾನು ಬರುತ್ತೇನೆ. ನನ್ನ ಬಳಿ ಎರಡು ಹಳೆಯ ಕ್ಯಾನ್ವಾಸ್ ಟೆಂಟು, ಮರದ ಸುತ್ತಿಗೆ, ಒಂದು ಚೀಲ ಕಬ್ಬಿಣದ ಗೂಟ ಇವೆ. ಸಂಘದ ಹೆಣ್ಣುಮಕ್ಕಳಿಗೆ ಟೆಂಟ್ ಹಾಕುವುದು, ಜಾಗ ನೋಡುವುದು, ಬೆಂಕಿ ಆರಿಸುವುದು ಎಲ್ಲವನ್ನೂ ಒಂದು ಪೈಸೆ ತೆಗೆದುಕೊಳ್ಳದೆ ಕಲಿಸುತ್ತೇನೆ. ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ಶುರು ಮಾಡಿದರೆ ಮಕ್ಕಳ ದಸರಾ ರಜಕ್ಕೆ ಸರಿ ಹೋಗುತ್ತದೆ. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ, ಕೇಳಿದ ಪಂಚಾಯಿತಿಯವರಿಗೆ ದಯವಿಟ್ಟು ಕೊಡಿ.

– ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು